ನಾನು ಬರೆದ ವರದಿಯನ್ನು ನನಗೇ ತೋರಿಸಲಿಲ್ಲ

ಸಿಟ್ಟು ಆರಿದ ಮೇಲೆ ಬರೆ ಎಂದು ಮಗಳು ಹೇಳಿದಳು. ಕಾದು ನೋಡಿದೆ, ಆರಲಿಲ್ಲ. ಹಾಗಾಗಿ ಇದ್ದ ಹಾಗೆಯೇ ಬರೆಯುತ್ತಿದ್ದೇನೆ.

ನಾನು ದಾಂಡೇಲಿಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ಅಪ್ಪ ಧಾರವಾಡದ ಕಡೆಯಿಂದ ಕಾಗದದ ಮಿಲ್ಲಿನ ಕೆಲಸಕ್ಕೆ ಬಂದು ಇಲ್ಲೇ ನೆಲೆನಿಂತರು. ಗಂಡನೂ ಅಲ್ಲೇ ದುಡಿದರು. ಅವರು ತೀರಿಕೊಂಡು ಬಹಳ ವರ್ಷವಾಯಿತು. ಕೆಲಸ ಬಿಟ್ಟ ಮರುವರ್ಷ ನಮ್ಮ ಕಡೆಯ ಒಂದು ಜೈಲಿಗೆ ನನ್ನನ್ನು ಸಂದರ್ಶಕಿ ಎಂದು ನೇಮಿಸಿದರು. ಜೈಲು ಯಾವ ಊರಿನದು ಎಂದು ಬರೆಯುವುದಿಲ್ಲ. ಹೆಸರು ಬರೆದರೆ ಅದೊಂದೇ ಜೈಲು ಕೆಟ್ಟದ್ದು ಅಂದುಕೊಂಡು ಓದುವವರು ಸಮಾಧಾನಪಟ್ಟುಕೊಳ್ಳುತ್ತಾರೆ.

ಜೈಲಿಗೆ ಸಂದರ್ಶಕರು ಅಂತ ಇರುತ್ತಾರೆ ಎನ್ನುವುದೇ ಬಹಳ ಜನಕ್ಕೆ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ. ಸರ್ಕಾರಿ ಅಧಿಕಾರಿಗಳಲ್ಲದ ಕೆಲವರು ಆಗಾಗ ಒಳಗೆ ಹೋಗಿ, ಅಡಿಗೆಮನೆ, ಪಾಯಖಾನೆ, ಮಲಗುವ ಜಾಗ ನೋಡಿ, ಕೈದಿಗಳನ್ನು ಮಾತಾಡಿಸಿ, ಕಂಡದ್ದನ್ನು ಅಲ್ಲಿಟ್ಟಿರುವ ಪುಸ್ತಕದಲ್ಲಿ ಬರೆಯಬೇಕು. ಜೈಲಿನ ಅಧಿಕಾರಿ ಅದಕ್ಕೆ ತನ್ನ ಉತ್ತರ ಸೇರಿಸಿ ಮೇಲಿನವರಿಗೆ ಕಳಿಸಬೇಕು. ಇದಿಷ್ಟು ವ್ಯವಸ್ಥೆ. ಪಟ್ಟಿಗೆ ಒಬ್ಬ ಹೆಂಗಸು ಬೇಕಾಗಿತ್ತು, ಅದೂ ಜಾಸ್ತಿ ತಂಟೆ ಮಾಡದವಳು. ನರ್ಸ್ ಬಾಯಿ ಅಂದರೆ ನಾಲ್ಕು ಹಣ್ಣು ಹಂಚಿ, ಫೋಟೋ ತೆಗೆಸಿಕೊಂಡು ಬರುತ್ತಾಳೆ ಅಂದುಕೊಂಡಿರಬೇಕು.

ಮೊದಲ ಸಲ ಹೋದಾಗ ಅಲ್ಲಿನ ಅಧಿಕಾರಿ ಎದ್ದು ನಿಂತು ಕೈಮುಗಿದರು. ಮೈಸೂರಿನ ಕಡೆಯವರು, ಮಾತು ಬಹಳ ನಯ. ಟೇಬಲ್ಲಿನ ಮೇಲೆ ಚಹಾ, ಚೂಡಾ, ಪಕ್ಕದಲ್ಲಿ ಸಂದರ್ಶಕರ ಪುಸ್ತಕ, ಅದರ ಮೇಲೆ ಪೆನ್ನು. ಎಲ್ಲ ಸಿದ್ಧವಾಗಿತ್ತು.

"ಬಿಸಿಲಲ್ಲಿ ಯಾಕೆ ಸುತ್ತುತ್ತೀರಿ ಮೇಡಂ. ಇಲ್ಲೇ ಕೂತು ಬರೆದುಬಿಡಿ. ಹಿಂದಿನವರೆಲ್ಲ ಹಾಗೇ ಮಾಡ್ತಿದ್ರು."

ಹಿಂದಿನವರು ಏನು ಬರೆದಿದ್ದಾರೆ ಎಂದು ಪುಟ ತಿರುವಿದೆ. ಎಲ್ಲವೂ ಸಮಾಧಾನಕರ. ಮುಂದಿನ ಪುಟದಲ್ಲೂ ಸಮಾಧಾನಕರ. ಸಹಿಗಳು ಬೇರೆ ಬೇರೆ, ಅಭಿಪ್ರಾಯ ಒಂದೇ. ಪುಸ್ತಕ ಮುಚ್ಚಿಟ್ಟು, ಒಳಗೆ ಹೋಗೋಣ ನಡೆಯಿರಿ ಅಂದೆ.

ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ವಾರ್ಡಿನಲ್ಲಿ ತಿರುಗಿದವಳಿಗೆ ಕಣ್ಣಿಗಿಂತ ಮೊದಲು ಮೂಗು ಹೇಳುತ್ತದೆ. ಎರಡನೆಯ ಕೋಣೆಯ ಬಾಗಿಲಲ್ಲಿ ನಿಂತಾಗಲೇ ಇಲ್ಲಿ ಯಾರಿಗೋ ಹುಣ್ಣು ಕೆಟ್ಟಿದೆ ಅನ್ನಿಸಿತು. ಮೂಲೆಯಲ್ಲಿ ಒಬ್ಬರು ಗೋಡೆಗೆ ಬೆನ್ನು ಕೊಟ್ಟು, ಒಂದು ಕಾಲು ಚಾಚಿ ಕೂತಿದ್ದರು. ವಯಸ್ಸು ಐವತ್ತರ ಮೇಲೆ, ಹಣೆಯಲ್ಲಿ ವಿಭೂತಿ. ಹೆಬ್ಬೆರಳಿಗೆ ಹಳೇ ಪಂಚೆಯ ಚೂರು ಸುತ್ತಿತ್ತು.

"ಏನಾಗೇತ್ರಿ ಕಾಲಿಗೆ?"

"ಏನಿಲ್ರಿ ಅಕ್ಕಾರ, ಸಣ್ಣದೊಂದು ಹುಣ್ಣು. ಸಕ್ರಿ ಕಾಯಿಲೆ ಐತ್ರಿ ನನಗ, ಲಗೂನ ಮಾಯಂಗಿಲ್ಲ."

"ಗುಳಿಗಿ ತಗೋತೀರಿಲ್ಲೊ?"

"ಕೊಟ್ಟಾಗ ತಗೋತೇನ್ರಿ."

ಮುಂಡಗೋಡ ತಾಲೂಕಿನವರು. ಅತ್ತಿವೇರಿಯ ಹತ್ತಿರದ ಹಳ್ಳಿಯಲ್ಲಿ ಭತ್ತ, ಗೋವಿನಜೋಳ ಬೆಳೆಯುತ್ತಿದ್ದರು. ಗದ್ದೆಗೆ ನೀರು ತಿರುಗಿಸುವ ವಿಷಯಕ್ಕೆ ಪಕ್ಕದ ಹೊಲದವನ ಜತೆ ಕೈಕೈ ಮಿಲಾಯಿಸಿ, ಆತ ಕಾಲುವೆಯ ಕಲ್ಲಿನ ಮೇಲೆ ಬಿದ್ದು ತಲೆ ಒಡೆದುಕೊಂಡಿದ್ದ. ಆತ ಬದುಕಿದ. ಇವರು ಒಳಗೆ ಬಂದರು. ವಿಚಾರಣೆ ಮುಗಿದಿರಲಿಲ್ಲ, ಅಂದರೆ ತಪ್ಪು ಮಾಡಿದ್ದಾರೆ ಎಂದು ಇನ್ನೂ ಯಾರೂ ತೀರ್ಪು ಕೊಟ್ಟಿರಲಿಲ್ಲ.

ಬಟ್ಟೆ ಬಿಚ್ಚಿಸಿ ನೋಡಿದೆ. ಬೆರಳು ಕಪ್ಪಾಗಲು ಶುರುವಾಗಿತ್ತು. "ಮನ್ಯಾವ್ರಿಗೆ ಹೇಳೀರೇನು?" ಎಂದು ಕೇಳಿದೆ.

"ಯಾಕ ಹೇಳ್ಲಿರಿ? ಹೇಣ್ತಿ ಭೇಟಿಗೆ ಬಂದಾಗ ನಡಕ ಕಬ್ಬಿಣದ ಜಾಳಗಿ ಇರ್ತೈತಿ. ಆಕಿಗೆ ನನ್ನ ಮಾರಿ ಅಷ್ಟ ಕಾಣತೈತಿ. ಮಾರಿ ಚೊಲೋನ ಐತಲ್ರಿ."

ಹೊರಗೆ ಬರುವಾಗ ಜೈಲಿಗೆ ಬಂದುಹೋಗುವ ಡಾಕ್ಟರು ಸಿಕ್ಕರು. ಇನ್ನೂ ಎಳೆ ವಯಸ್ಸು. ಅವರಿಗೆ ನಾನು ಏನೂ ವಿವರಿಸಬೇಕಾಗಲಿಲ್ಲ. "ನಾನೂ ಮ್ಯಾಲಿಂದ ಮ್ಯಾಲ ಬರದೀನ್ರಿ ಸಿಸ್ಟರ್, ಹುಬ್ಬಳ್ಳಿಗೆ ಕಳಸ್ರಿ ಅಂತ. ಬ್ಯಾಂಡೇಜ್ ಕಟ್ಟೂದು ಬಿಟ್ರ ಇಲ್ಲಿ ನನ್ನ ಕೈಯಾಗ ಏನೂ ಇಲ್ಲ" ಅಂದರು.

ಅಧಿಕಾರಿಯನ್ನು ಕೇಳಿದೆ. ಅವರ ಹತ್ತಿರವೂ ಉತ್ತರ ಇತ್ತು. "ಕೈದೀನ ಹೊರಗೆ ಕಳಿಸಬೇಕಾದ್ರೆ ಕಾವಲಿಗೆ ಪೊಲೀಸರು ಬೇಕು ಮೇಡಂ. ನಾನು ಕೇಳ್ತಾನೇ ಇದ್ದೀನಿ. ಅವರು ಬಂದೋಬಸ್ತು ಅಂತಾರೆ, ಸಿಬ್ಬಂದಿ ಇಲ್ಲ ಅಂತಾರೆ. ನಾನೇನು ಹೊತ್ಕೊಂಡು ಹೋಗ್ಲಾ?"

ಪುಸ್ತಕ ತೆಗೆದುಕೊಂಡು ಬರೆದೆ. ಇವರ ಕಾಲಿನ ಹುಣ್ಣು ಕೆಟ್ಟಿದೆ, ತಕ್ಷಣ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಒಯ್ಯದಿದ್ದರೆ ಕಾಲು ಹೋಗಬಹುದು, ಸಕ್ಕರೆ ಕಾಯಿಲೆಯ ಗುಳಿಗೆ ತಪ್ಪದೆ ಸಿಗುತ್ತಿಲ್ಲ, ಮನೆಯವರಿಗೆ ತಿಳಿಸಬೇಕು. ಕುಡಿಯುವ ನೀರಿನ ಬಗ್ಗೆಯೂ ಬರೆದೆ. ಅಕ್ಷರ ದುಂಡಗೆ ಬರೆದೆ, ಆಮೇಲೆ ಓದಲಾಗಲಿಲ್ಲ ಎಂದು ಯಾರೂ ಹೇಳಬಾರದೆಂದು. ಮನೆಯವರಿಗೆ ಇವತ್ತೇ ಫೋನು ಮಾಡಿಸುತ್ತೇನೆ ಎಂದು ಅಧಿಕಾರಿ ಮಾತು ಕೊಟ್ಟರು.

ಮುಂದಿನ ಸಲ ಹೋಗುವ ಹೊತ್ತಿಗೆ ಕಪ್ಪು ಪಾದಕ್ಕೆ ಹತ್ತಿತ್ತು. ಫೋನು ಹೋಗಿರಲಿಲ್ಲ. ಒಳಗೆ ಕಂಡದ್ದನ್ನು ಹೊರಗೆ ಹೇಳುವ ಹಾಗಿಲ್ಲ ಎಂದು ನೇಮಿಸುವಾಗಲೇ ಹೇಳಿದ್ದರು, ಹಾಗಾಗಿ ನಾನೇ ಮನೆಯವರಿಗೆ ತಿಳಿಸಿರಲಿಲ್ಲ. ಮತ್ತೆ ಬರೆದೆ, ಈ ಸಲ ಸಾಲುಗಳ ಕೆಳಗೆ ಗೆರೆ ಎಳೆದೆ. ಮನೆಗೆ ಬಂದು ಮೇಲಿನ ಕಚೇರಿಗೆ ಫೋನು ಹಚ್ಚಿದೆ. ನಿಮ್ಮ ಅಭಿಪ್ರಾಯ ತಲುಪಿದೆ, ಪರಿಶೀಲನೆಯಲ್ಲಿದೆ ಎಂದು ಒಬ್ಬರು ಹೇಳಿದರು. ಯಾರ ಪರಿಶೀಲನೆ, ಎಲ್ಲಿಯ ತನಕ ಎಂದು ಕೇಳಿದರೆ ಫೋನು ಇನ್ನೊಬ್ಬರಿಗೆ ಹೋಯಿತು, ಅಲ್ಲಿಂದ ಮತ್ತೊಬ್ಬರಿಗೆ. ಕೊನೆಗೆ ಕಟ್ಟಾಯಿತು. ಮನುಷ್ಯನ ಮೈ ಕೊಳೆಯುವುದಕ್ಕೆ ಯಾರ ಅನುಮತಿಯೂ ಬೇಡ, ಆಸ್ಪತ್ರೆಗೆ ಹೋಗುವುದಕ್ಕೆ ಮಾತ್ರ ಇಷ್ಟು ಜನರ ಅನುಮತಿ ಬೇಕು.

ಒಂದು ಮುಂಜಾನೆ ಅವರು ಎಚ್ಚರ ತಪ್ಪಿ ಬಿದ್ದರಂತೆ. ಆಗ ಪೊಲೀಸರೂ ಸಿಕ್ಕರು, ಗಾಡಿಯೂ ಸಿಕ್ಕಿತು. ಹುಬ್ಬಳ್ಳಿಯಲ್ಲಿ ಡಾಕ್ಟರುಗಳು ಜೀವ ಉಳಿಸಿದರು, ಕಾಲು ಉಳಿಸಲು ಆಗಲಿಲ್ಲ. ಮೊಣಕಾಲಿನ ಕೆಳಗೆ ತೆಗೆದರು.

ಇದು ನನಗೆ ಗೊತ್ತಾದದ್ದು ಪೇಪರಿನಿಂದ. ಒಳಪುಟದ ಮೂಲೆಯಲ್ಲಿ ಸಣ್ಣ ಸುದ್ದಿ. ಕೊನೆಯಲ್ಲಿ ಇಲಾಖೆಯವರ ಹೇಳಿಕೆ ಇತ್ತು: ಸಂದರ್ಶಕರು ನಿಯಮಿತವಾಗಿ ಭೇಟಿ ನೀಡಿದ್ದಾರೆ, ಯಾವ ಲೋಪವೂ ಕಂಡುಬಂದಿಲ್ಲ. ನಾನು ಅದನ್ನು ನಿಂತುಕೊಂಡೇ ಓದಿದೆ. ಒಲೆಯ ಮೇಲಿನ ಹಾಲು ಉಕ್ಕಿ ಹೋದದ್ದು ಪಕ್ಕದ ಮನೆಯವರು ಕೂಗಿದ ಮೇಲೆಯೇ ತಿಳಿದದ್ದು.

ಎರಡು ದಿನ ಬಿಟ್ಟು ನಮ್ಮ ಮನೆಯ ಬಾಗಿಲಿಗೆ ಒಬ್ಬ ಹೆಣ್ಣುಮಗಳು ಬಂದರು, ಜತೆಗೆ ಅವರ ಅಣ್ಣ. ಬಸ್ಸು ಬದಲಿಸಿ ಬದಲಿಸಿ, ಕಲಘಟಗಿ, ಹಳಿಯಾಳ ಹಾಯ್ದು ಬಂದಿದ್ದರು. ಕುರ್ಚಿ ತೋರಿಸಿದರೂ ಕೂಡಲಿಲ್ಲ. ನೀರು ಕೊಟ್ಟೆ, ಮುಟ್ಟಲಿಲ್ಲ.

"ಜೈಲ ನೋಡಾಕ ಹೋಗೂ ನರ್ಸ್ ಬಾಯಾರು ನೀವ ಏನ್ರಿ?"

"ಹೌದ್ರಿ, ನಾನ."

"ಎಲ್ಲಾ ಬರೋಬರಿ ಐತಿ ಅಂತ ಬರದಕೊಟ್ಟೀರಂತಲ್ರಿ. ನನ್ನ ಗಂಡನ ಕಾಲ ಕೊಳ್ಯಾಕ ಹತ್ತಿದ್ದು ನಿಮ್ಮ ಕಣ್ಣಿಗೆ ಬೀಳಲಿಲ್ಲೇನ್ರಿ?"

"ನಾ ಹಂಗ ಬರದಿಲ್ರಿ. ಕಾಲ ಹೋಗತೈತಿ, ಲಗೂನ ದವಾಖಾನಿಗೆ ಒಯ್ರಿ ಅಂತ ಬರದೀನಿ."

"ಹಂಗಾರ ತೋರಸ್ರಿ."

ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ನಾನು ಹೇಳಿದ್ದನ್ನು ಅವರು ಯಾಕೆ ನಂಬಬೇಕು? ಪೇಪರಿನಲ್ಲಿ ಅಚ್ಚಾದದ್ದು ಒಂದು, ಈ ಬಾಯಿಯ ಮಾತು ಇನ್ನೊಂದು. ಅವರ ಅಣ್ಣ ಹೊಸ್ತಿಲ ಮೇಲೆ ನಿಂತು, "ನಡಿಯವ್ವಾ ಹೋಗೂಣು, ಎಲ್ಲಾರೂ ಒಂದ ಇರ್ತಾರ" ಅಂದ. ಅವರು ಹೋದರು.

ನನ್ನ ಬದುಕಿನಲ್ಲಿ ಬೈಗುಳ ಕೇಳಿಲ್ಲವೆಂದಲ್ಲ. ರೋಗಿಯ ಮನೆಯವರು ದುಃಖದಲ್ಲಿ ನರ್ಸಿನ ಮೇಲೆ ಹಾಯುವುದು ಇದ್ದದ್ದೇ, ಅದು ಮೈಗೆ ಹತ್ತುವುದಿಲ್ಲ. ಆದರೆ ನಾನು ಬರೆದದ್ದಕ್ಕೆ ಸರಿ ಉಲ್ಟಾ ಮಾತನ್ನು ನನ್ನ ತಲೆಗೆ ಕಟ್ಟಿ, ನನ್ನ ಹೆಸರಿನ ಹಿಂದೆ ಅವಿತುಕೊಂಡವರು ಯಾರೋ ಇದ್ದರಲ್ಲ, ಅವರ ಮೇಲೆ ಬಂದ ಸಿಟ್ಟು ಇವತ್ತಿಗೂ ಹೊಟ್ಟೆಯಲ್ಲಿದೆ.

ಮರುದಿನವೇ ಜೈಲಿಗೆ ಹೋದೆ. ಚಹಾ ಬಂತು, ಬೇಡ ಅಂದೆ. ನಾನು ಬರೆದ ಪುಟಗಳ ನಕಲು ಬೇಕು ಅಂದೆ.

"ಅದು ಇಲಾಖೆ ದಾಖಲೆ ಮೇಡಂ."

"ಬರೆದವಳು ನಾನು. ಅಕ್ಷರ ನನ್ನದು."

"ಅಕ್ಷರ ನಿಮ್ಮದು, ಪುಸ್ತಕ ಸರ್ಕಾರದ್ದು." ಅವರು ನಗಲಿಲ್ಲ. ನಿಜಕ್ಕೂ ನನಗೆ ಅರ್ಥ ಮಾಡಿಸುವ ಹಾಗೆ, ಮೆಲ್ಲಗೆ ಹೇಳಿದರು: "ನೋಡಿ, ನೀವು ಬರೆಯೋದು ಮೇಲಿನವರು ಓದಲಿ ಅಂತ. ಜನ ಓದಲಿ ಅಂತ ಅಲ್ಲ."

"ಮೇಲಿನವರು ಓದಿದ್ರಾ?"

ಅವರು ಚಹಾದ ಕಪ್ಪನ್ನು ನನ್ನ ಕಡೆ ಇನ್ನಷ್ಟು ಸರಿಸಿದರು. ಪೇಪರಿಗೆ ಆ ಹೇಳಿಕೆ ಕೊಟ್ಟವರು ಯಾರು ಎಂದು ಕೇಳಿದೆ. ತಾವಲ್ಲ ಅಂದರು. ಅದು ನಿಜವೇ ಇರಬಹುದು. ಇಡೀ ವ್ಯವಹಾರದಲ್ಲಿ ಯಾರನ್ನು ಕೇಳಿದರೂ ತಾವಲ್ಲ ಎಂದೇ ಹೇಳಿದರು, ಪ್ರತಿಯೊಬ್ಬರ ಮಾತೂ ನಿಜವೇ ಇತ್ತು. ಡಾಕ್ಟರು ಬರೆದಿದ್ದರು, ಅಧಿಕಾರಿ ಪೊಲೀಸರನ್ನು ಕೇಳಿದ್ದರು, ನಾನು ಬರೆದಿದ್ದೆ. ಬರೆದದ್ದೆಲ್ಲ ಗೋಡೆಯ ಒಳಗೇ ಸುತ್ತಿ ಒಳಗೇ ಬಿದ್ದಿತ್ತು. ಹೊರಗಿನ ಒಬ್ಬನೇ ಒಬ್ಬ ಮನುಷ್ಯ ಅದನ್ನು ಓದಿದ್ದರೆ, ಆ ಹೆಣ್ಣುಮಗಳು ಓದಿದ್ದರೆ, ಅವರು ಗೇಟಿನ ಮುಂದೆ ಕೂತುಬಿಡುತ್ತಿದ್ದರು, ಎಬ್ಬಿಸಿದರೂ ಏಳುತ್ತಿರಲಿಲ್ಲ. ಕಾಲು ಉಳಿಯುತ್ತಿತ್ತು.

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಜೈಲಿನ ಭದ್ರತೆಯ ಕಾರಣದಿಂದ ಕೊಡಲಾಗುವುದಿಲ್ಲ, ಮೇಲಾಗಿ ಕೈದಿಯ ಖಾಸಗಿತನಕ್ಕೆ ಧಕ್ಕೆಯಾಗುತ್ತದೆ ಎಂದು ಉತ್ತರ ಬಂತು. ಓದಿ ನಗು ಬಂತು, ಕೆಟ್ಟ ನಗು. ಕಾಲು ಕತ್ತರಿಸಿದ ಮೇಲೆ ಅವರ ಖಾಸಗಿತನದ ನೆನಪಾಗಿತ್ತು.

ಹಳಿಯಾಳದಲ್ಲಿ ವಕೀಲಿ ಮಾಡುವ ಒಬ್ಬ ಹುಡುಗಿ ನನಗೆ ಪರಿಚಯ. ಜೋಯಿಡಾದ ಕಾಡಿನ ಊರಿನವಳು, ಮನೆಮಾತು ಕೊಂಕಣಿ. ಅವಳ ತಾಯಿಗೆ ಹೆರಿಗೆ ಮಾಡಿಸಿದ್ದು ನಾನೇ ಎಂದು ನನ್ನನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಾಳೆ. ಅವಳ ಮುಂದೆ ಉತ್ತರದ ಕಾಗದ ಇಟ್ಟೆ. ಓದಿ ಮಡಚಿದಳು.

"ಮಾವಶಿ, ಮೇಲ್ಮನವಿ ಹಾಕೂಣು. ಅದು ಬರೂದ್ರೊಳಗ ವರ್ಷ ಹೋಗ್ತದ. ಆದ್ರ ಆ ಮನಶಾಗ ಜಾಮೀನು ಬೇಕಲ್ಲ? ಅದರಾಗ ನೀವು ಅಫಿಡವಿಟ್ ಹಾಕ್ರಿ. ಏನು ಬರದೀರಿ ಅಂತ ಕೋರ್ಟಿನ್ಯಾಗ ಹೇಳ್ರಿ. ಪುಸ್ತಕ ತರಸೂದು ನನಗ ಬಿಡ್ರಿ."

"ಒಳಗ ನೋಡಿದ್ದು ಹೊರಗ ಹೇಳಬಾರದು ಅಂತಾರಲ್ಲ."

"ಹಂಗ ಕಾಯ್ದೇದಾಗ ಬರದದ್ದು ತೋರಸ್ರಿ ಅನ್ರಿ. ಕೇಳೀನಿ ನಾನು, ಯಾರೂ ತೋರ್ಸಿಲ್ಲ."

ಹುಬ್ಬಳ್ಳಿಯ ಆಸ್ಪತ್ರೆಗೆ ಇಬ್ಬರೂ ಹೋದೆವು. ಅವರ ಹೆಂಡತಿ ಹಾಸಿಗೆಯ ಪಕ್ಕ ಕೂತಿದ್ದರು, ನನ್ನನ್ನು ನೋಡಿ ಮುಖ ತಿರುಗಿಸಿದರು. ಆದರೆ ಹಾಸಿಗೆಯ ಮೇಲಿದ್ದವರು ನನ್ನನ್ನು ಗುರುತು ಹಿಡಿದರು. "ಇವ್ರ ನೋಡ, ಬಟ್ಟಿ ಬಿಚ್ಚಿಸಿ ನೋಡಿದಾವ್ರು. ಮನ್ಯಾಗ ಹೇಳ್ರಿ ಅಂತ ಅಂದಾವ್ರೂ ಇವ್ರ" ಎಂದು ಹೆಂಡತಿಗೆ ಹೇಳಿದರು. ಆಕೆ ಎದ್ದು ಸ್ಟೂಲನ್ನು ನನ್ನ ಕಡೆ ಸರಿಸಿದರು. ಇಲಾಖೆಯ ಖಾಸಗಿತನದ ಮಾತು ಹೇಳಿದಾಗ ಅವರ ಗಂಡ ಹುಬ್ಬುಗಂಟಿಕ್ಕಿ ಕೇಳಿಸಿಕೊಂಡು, ಒಪ್ಪಿಗೆಯ ಸಹಿ ಎಲ್ಲಿ ಮಾಡಬೇಕು ಎಂದು ಕೇಳಿದರು. "ನನ್ನ ಕಾಲಿನ ಸುದ್ದಿ ಊರ ಮಂದಿಗೆಲ್ಲಾ ಓದಿ ಹೇಳ್ರಿ. ನಾಚಗೊಳ್ಳಾವ್ರು ನಾ ಅಲ್ಲ."

ಅಲ್ಲಿಗೇ ಇನ್ನೊಬ್ಬ ಬಂದಿದ್ದ, ವಾರ್ಡಿನ ಹೊರಗೆ ಗೋಡೆಗೆ ಒರಗಿ ನಿಂತಿದ್ದ. ತಲೆಯ ಮೇಲೆ ಹೊಲಿಗೆಯ ಗುರುತು. ನೀರಿನ ಜಗಳದ ಪಕ್ಕದ ಹೊಲದವನೇ. ಒಳಗೆ ಬರಲು ಮುಖ ಇರಲಿಲ್ಲ, ಹೋಗಲು ಮನಸ್ಸಿರಲಿಲ್ಲ. ನಾನು ನರ್ಸ್ ಎಂದು ತಿಳಿದು ಹತ್ತಿರ ಬಂದ. "ಸಿಸ್ಟರ್, ಕೇಸ್ ಹಾಕಿದ್ದು ಖರೆ ಐತ್ರಿ. ಆದ್ರ ಕಾಲ ಹೋಗೂವಷ್ಟು ಜಗಳ ನಂದಲ್ರಿ" ಅಂದ. ತನ್ನ ಹಣ್ಣಿನ ಚೀಲವನ್ನು ನನ್ನ ಕೈಗೆ ಕೊಟ್ಟು ಹೊರಟುಹೋದ. ಜೈಲಿಗೆ ಕಳಿಸಿದವನಿಗಿದ್ದ ಸಂಕಟ ಜೈಲು ನಡೆಸುವವರಿಗೆ ಇರಲಿಲ್ಲ.

ಜಾಮೀನಿನ ದಿನ ಕೋರ್ಟಿನಲ್ಲಿ ಸರ್ಕಾರದ ಕಡೆಯ ವಕೀಲರು ಎದ್ದು, ಸಂದರ್ಶಕರ ಪುಸ್ತಕ ಗೌಪ್ಯ ಅಂದರು. ನ್ಯಾಯಾಧೀಶರು ಕೇಳಿಸಿಕೊಂಡು, ಆದರೂ ತನ್ನಿ ಅಂದರು. ಮುಂದಿನ ತಾರೀಖಿಗೆ ಪುಸ್ತಕ ಬಂತು. ಅವರು ನನ್ನ ಪುಟಗಳನ್ನು ಮನಸ್ಸಿನಲ್ಲೇ ಓದಿಕೊಂಡರು. ನನಗೆ ತಡೆಯಲಾಗಲಿಲ್ಲ. ಮತ್ತೆ ಅದೇ ಆಗುತ್ತಿತ್ತಲ್ಲ, ಇನ್ನೊಬ್ಬ ದೊಡ್ಡವರು ಓದುತ್ತಾರೆ, ಪುಸ್ತಕ ಮುಚ್ಚುತ್ತಾರೆ. ವಕೀಲ ಹುಡುಗಿಯ ಕಡೆ ನೋಡಿದೆ. ಅವಳಿಗೂ ಅದೇ ಹೊಳೆದಿತ್ತೋ ಏನೋ, ಎದ್ದು ನಿಂತು, ಬಂದಿಯ ಹೆಂಡತಿ ಇಲ್ಲೇ ಕೂತಿದ್ದಾರೆ, ಅವರಿಗೂ ಕೇಳುವ ಹಾಗೆ ಓದಿಸಬೇಕು ಎಂದು ವಿನಂತಿಸಿದಳು. ನ್ಯಾಯಾಧೀಶರು ಪುಸ್ತಕವನ್ನು ಗುಮಾಸ್ತರ ಕೈಗೆ ಕೊಟ್ಟರು.

ಗುಮಾಸ್ತರು ದಿನವೂ ಓದುವ ಏರಿಳಿತವಿಲ್ಲದ ದನಿಯಲ್ಲಿ ಓದಿದರು. ಹುಣ್ಣು ಕೆಟ್ಟಿದೆ. ಕಾಲು ಹೋಗಬಹುದು. ಮನೆಯವರಿಗೆ ತಿಳಿಸಬೇಕು. ಜತೆಗೆ ತರಿಸಿದ್ದ ಡಾಕ್ಟರ ಪತ್ರಗಳನ್ನೂ ಓದಿದರು. ನನ್ನ ಎರಡನೆಯ ಬರಹದ ಕೆಳಗೆ ಎರಡಕ್ಕೂ ಸೇರಿಸಿ ಜೈಲಿನ ಉತ್ತರ ಇತ್ತು, ಅದನ್ನು ನಾನೂ ಅವತ್ತೇ ಮೊದಲು ಕೇಳಿದ್ದು: ಗಮನಿಸಲಾಗಿದೆ. ಅಷ್ಟೇ.

ಜಾಮೀನು ಸಿಕ್ಕಿತು. ಹೊರಗೆ ಮರದ ನೆರಳಿಗೆ ಬಂದಾಗ ಆಕೆ ನನಗೆ ಕೈಮುಗಿಯಬಹುದು, ಅತ್ತರೆ ಸಮಾಧಾನ ಹೇಳಬೇಕಾಗಬಹುದು ಅಂದುಕೊಂಡೆ. ಅವರು ಅಳಲಿಲ್ಲ. ಸೆರಗು ಬಿಗಿದುಕೊಂಡು ಕೋರ್ಟಿನ ಬಾಗಿಲ ಕಡೆಗೇ ನೋಡುತ್ತ ನಿಂತರು.

"ಅಂದ್ರ ಎಲ್ಲಾರಿಗೂ ಗೊತ್ತಿತ್ತು. ಡಾಕ್ಟರಗ ಗೊತ್ತಿತ್ತು, ಸಾಹೇಬ್ರಿಗೆ ಗೊತ್ತಿತ್ತು, ನಿಮಗ ಗೊತ್ತಿತ್ತು. ವಾರಾ ವಾರಾ ರೊಟ್ಟಿ ಕಟ್ಟಿಕೊಂಡ ಹೋಗಿ ಆ ಜಾಳಗಿ ಮುಂದ ನಿಂದರ್ತಿದ್ನೆಲ್ಲಾ, ನನಗೊಬ್ಬಾಕಿಗೇ ಗೊತ್ತಿರಲಿಲ್ಲ."

ಹೌದ್ರಿ ಅಂದೆ.

ಆಮೇಲೆ ಆದದ್ದು ಬೇಗ ಹೇಳಿ ಮುಗಿಸುತ್ತೇನೆ. ನನ್ನ ಅವಧಿ ಮುಗಿದಾಗ ಮುಂದುವರಿಸಲಿಲ್ಲ. ಮಾಹಿತಿ ಆಯೋಗದ ಮುಂದೆ ಮೇಲ್ಮನವಿ ಬಂತು, ಕಂಪ್ಯೂಟರಿನ ಪರದೆಯಲ್ಲಿ ವಿಚಾರಣೆ. ಇಲಾಖೆಯವರು ಮತ್ತೆ ಭದ್ರತೆ ಅಂದರು. ಕೊಳೆತ ಬೆರಳಿನಿಂದ ಯಾವ ಗೋಡೆಗೆ ಅಪಾಯ ಎಂದು ನಾನು ಕೇಳಿದೆ. ನಕಲು ಕೊಡಿ ಎಂದು ಆದೇಶವಾಯಿತು. ಕೊಟ್ಟರು. ಅಲ್ಲಲ್ಲಿ ಕಪ್ಪು ಮಸಿ ಬಳಿದಿದ್ದರು, ನನ್ನ ಹೆಸರಿಗೂ, ನನ್ನ ಸಹಿಗೂ. ಸಂದರ್ಶಕರು ಬರೆದದ್ದನ್ನೂ ಜೈಲಿನವರು ಕೊಟ್ಟ ಉತ್ತರವನ್ನೂ ಯಾರೂ ಕೇಳದೆಯೇ, ತಿಂಗಳು ತಿಂಗಳು, ಗೇಟಿನ ಹೊರಗಿನ ಬೋರ್ಡಿಗೆ ಅಂಟಿಸಬೇಕು ಎಂದು ಸರ್ಕಾರಕ್ಕೆ ಬರೆದುಕೊಂಡೆ. ಸೊಸೈಟಿಯಲ್ಲಿ ಎಷ್ಟು ಅಕ್ಕಿ ಬಂದಿದೆ ಎಂದು ಬೋರ್ಡಿನ ಮೇಲೆ ಬರೆಯುತ್ತಾರೆ, ಬಸ್‌ಸ್ಟ್ಯಾಂಡಿನಲ್ಲಿ ಯಾವ ಬಸ್ಸು ಯಾವಾಗ ಎಂದು ಬರೆಯುತ್ತಾರೆ, ನಮ್ಮ ಮನುಷ್ಯರನ್ನು ಒಳಗಿಟ್ಟುಕೊಂಡವರು ಅವರು ಹೇಗಿದ್ದಾರೆ ಎಂದು ಬರೆದರೆ ಏನು ಹೋಗುತ್ತದೆ? ಉತ್ತರ ಬಂದಿದೆ. ಪರಿಶೀಲನೆಯಲ್ಲಿದೆಯಂತೆ.

ಇಬ್ಬರು ಹೊಲದವರೂ ರಾಜಿಯಾದರು, ಕೇಸು ಮುಗಿಯಿತು. ಕಳೆದ ಸುಗ್ಗಿಯಲ್ಲಿ ಕಾಲು ಕಳೆದುಕೊಂಡವರ ಮನೆಗೆ ಹೋಗಿ ಬಂದೆ. ಊರುಗೋಲು ಹಿಡಿದು ಬದುವಿನ ಮೇಲೆ ನಡೆಯುವುದು ಇನ್ನೂ ರೂಢಿಯಾಗಿಲ್ಲ, ಕೆಸರಿದ್ದರೆ ಇಳಿಯುವುದೇ ಇಲ್ಲ. ನೀರು ತಿರುಗಿಸುವ ಕೆಲಸವನ್ನು ಪಕ್ಕದ ಹೊಲದವನೇ ಮಾಡಿಕೊಡುತ್ತಾನೆ. ಅವರ ಹೆಂಡತಿ ಊಟಕ್ಕೆ ಬಡಿಸುತ್ತ, ಜೈಲಿನ ಸಾಹೇಬರಿಗೆ ಏನಾದರೂ ಆಯಿತೇ ಎಂದು ಕೇಳಿದರು. ಬೇರೆ ಊರಿಗೆ ವರ್ಗವಾಗಿದ್ದಾರೆ ಅಂದೆ. "ಅಷ್ಟ ಏನ್ರಿ" ಎಂದು ಕೇಳಿ, ಮತ್ತೊಂದು ರೊಟ್ಟಿ ಹಾಕಿದರು.

ನನ್ನ ಜಾಗಕ್ಕೆ ಹಳಿಯಾಳದ ಕಡೆಯ ಒಬ್ಬ ನಿವೃತ್ತ ಮಾಸ್ತರರನ್ನು ನೇಮಿಸಿದ್ದಾರೆ. ಮೊನ್ನೆ ಅವರು ಫೋನು ಮಾಡಿದ್ದರು. ಮೊದಲ ಭೇಟಿ ಮುಗಿಸಿ ಬಂದಿದ್ದರು. ದನಿ ಸರಿಯಿರಲಿಲ್ಲ.

"ಏನ ನೋಡಿದ್ರಿ ಮಾಸ್ತರ?"

"ಹೊರಗ ಹೇಳೂ ಹಂಗಿಲ್ಲಂತಲ್ರಿ ಬಾಯಾರ. ಬರದ ಬಂದೇನಿ."

"ಯಾರ ಓದತಾರ ಅದನ್ನ?"

ಆ ಕಡೆ ಯಾರದೋ ಮನೆಯ ಟಿವಿಯ ಸದ್ದು ಕೇಳುತ್ತಿತ್ತು.

"ನನಗ ಹೇಳ್ರಿ ಮಾಸ್ತರ. ನಾ ಎಲ್ಲಾರಿಗೂ ಹೇಳತೇನಿ."

"ಅಡಿಗಿಮನಿಯಿಂದ ಚಾಲೂ ಮಾಡತೇನ್ರಿ," ಅಂದರು.